ಟೋಕಿಯೋ ಅಂಗಿಗೆ ಸಂಡೂರು ಕನ್ನಡಿ

ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ಹೊರಗೆ ಬಂದು ಯಾವುದಾದರೂ ಹಳೇ ಫ್ಯಾನ್ಸಿ ಸ್ಟೋರಿನ ಮುಂದೆ ನಿಂತು, ‘ಒಂದು ಲವ್ ಇನ್ ಟೋಕಿಯೋ ಕೊಡ್ರಿ’ ಅಂತ ಕೇಳಿ ನೋಡಿ. ಅಂಗಡಿಯವರು ಸಿನಿಮಾ ಹುಡುಕಿಕೊಡುವುದಿಲ್ಲ. ಎರಡು ಬಣ್ಣದ ಗುಂಡು ಪೋಣಿಸಿದ ರಬ್ಬರ್ ಬ್ಯಾಂಡ್ ತೆಗೆದು ನಿಮ್ಮ ಕೈಗಿಡುತ್ತಾರೆ. ಜಡೆಗೆ ಹಾಕುವುದು. ನಮ್ಮಕ್ಕ ಹಾಕಿಕೊಂಡಿದ್ದಳು, ನಮ್ಮಮ್ಮ ಹಾಕಿಕೊಂಡಿದ್ದಳು. ಹೆಸರು ಎಲ್ಲಿಂದ ಬಂತು ಅಂತ ಇಬ್ಬರಿಗೂ ಗೊತ್ತಿರಲಿಲ್ಲ!

ಬಂದದ್ದು ಬೆಳ್ಳಿತೆರೆಯಿಂದ ಸ್ವಾಮೀ. 1966ರಲ್ಲಿ ಬಂದ ಹಿಂದಿ ಚಿತ್ರ ‘ಲವ್ ಇನ್ ಟೋಕಿಯೋ’. ನಾಯಕ ಜಾಯ್ ಮುಖರ್ಜಿ, ನಾಯಕಿ ಆಶಾ ಪಾರೇಖ್. ಜಪಾನಿಗೇ ಹೋಗಿ ಚಿತ್ರೀಕರಣ ಮಾಡಿದ್ದರು. ಅದರಲ್ಲಿ ಆಶಾ ಪಾರೇಖ್ ಕಿಮೋನೋ ತೊಟ್ಟು, ಚಿಕ್ಕ ಚಿಕ್ಕ ಹೆಜ್ಜೆ ಇಟ್ಟು ಹಾಡುವ ದೃಶ್ಯ ಇದೆ. ಆ ಕಾಲದ ಹುಡುಗರು ಅದನ್ನು ಎಷ್ಟು ಸಲ ನೋಡಿದರೋ ದೇವರಿಗೇ ಗೊತ್ತು. ಹುಡುಗರು ನಾಯಕಿಯನ್ನು ನೋಡಿ ಮನೆಗೆ ಹೋದರು. ಹುಡುಗಿಯರು ಮಾತ್ರ ಆಕೆಯ ಜಡೆ ನೋಡಿದರು, ತೋಳು ನೋಡಿದರು, ನಡುಪಟ್ಟಿ ನೋಡಿದರು. ಮಾರನೇ ದಿನ ಟೇಲರ್ ಅಂಗಡಿಗೆ ಹೋದರು.

‘ಇದೇನಯ್ಯಾ, ಸಿನಿಮಾ ಪತ್ರಿಕೆಯಲ್ಲಿ ಹೆಂಗಸರ ಬಟ್ಟೆ ವಿಚಾರ’ ಅಂತ ಮೂಗು ಮುರಿಯಬೇಡಿ. ನಾಯಕಿಯ ರವಿಕೆ ಯಾವ ಚಿತ್ರದಲ್ಲಿ ಎಷ್ಟು ಗಿಡ್ಡ ಇತ್ತು ಎಂಬುದು ನಿಮಗೆ ಕಂಠಪಾಠ ಇರುತ್ತದೆ, ನನಗೂ ಇರುತ್ತದೆ. ಅದನ್ನು ಹೊಲಿದವರು ಯಾರು ಅಂತ ಒಂದು ಸಲವಾದರೂ ಕೇಳಿದ್ದೇವೆಯೇ? ನಾನಂತೂ ಕೇಳಿರಲಿಲ್ಲ. ನಮ್ಮ ಮನೆಯಲ್ಲೇ ಹೊಲಿಗೆ ಯಂತ್ರ ಇದ್ದೂ ಕೇಳಿರಲಿಲ್ಲ.

ಅಕ್ಕನ ನೋಟ್‌ಬುಕ್ಕು

ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು ನಾನು. ಇಂಗ್ಲಿಷು ಎರಡು ಸಲ ಕೈಕೊಟ್ಟಿತು, ಮೂರನೇ ಸಲ ಪರೀಕ್ಷೆಯ ದಿನ ನಾನು ಸಿನಿಮಾ ಥಿಯೇಟರಿನಲ್ಲಿದ್ದೆ. ಆಮೇಲೆ ಮನೆ ನಡೆದದ್ದು ಅಕ್ಕನ ಯಂತ್ರದ ಮೇಲೆ. ಮದುವೆಗೆ ಮುಂಚೆ ಆಕೆ ಟೇಲರಿಂಗ್ ಕ್ಲಾಸಿಗೆ ಹೋಗುತ್ತಿದ್ದಳು. ಗಂಡನ ಮನೆಯಿಂದ ತಿರುಗಿ ಬಂದ ಮೇಲೆ ಅದೇ ವಿದ್ಯೆ ನಮ್ಮಿಬ್ಬರಿಗೂ ಅನ್ನ ಹಾಕಿತು.

ಆ ಕ್ಲಾಸಿನ ನೋಟ್‌ಬುಕ್ಕು ಈಗಲೂ ಇದೆ. ಒಂದೊಂದು ಹಾಳೆಗೆ ಒಂದೊಂದು ಪುಟಾಣಿ ತೋಳು ಹೊಲಿದು ಅಂಟಿಸಿದ್ದಾಳೆ. ಪಫ್ ತೋಳು, ಬೆಲ್ ತೋಳು, ರಗ್ಲಾನ್ ತೋಳು... ನಡುವೆ ಒಂದು ಹಾಳೆಯಲ್ಲಿ ಗುಲಾಬಿ ಬಣ್ಣದ ತುಂಡು, ಕೆಳಗೆ ದುಂಡು ಅಕ್ಷರದಲ್ಲಿ ‘ಕಿಮೋನೋ ಸ್ಲೀವ್’. ರವಿಕೆಯ ಮೈ ಮತ್ತು ತೋಳು ಬೇರೆ ಬೇರೆ ಕತ್ತರಿಸದೆ ಒಂದೇ ತುಂಡಿನಲ್ಲಿ ತೆಗೆಯುವ ತೋಳು. ತೋಳು ಜೋಡಿಸುವ ಕೆಲಸವೇ ಇಲ್ಲ. ಕೈ ಎತ್ತಿದರೆ ಹರಿಯಬಾರದು ಅಂತ ಕಂಕುಳಲ್ಲಿ ಒಂದು ಚೌಕ ತುಂಡು ಕೂಡಿಸುತ್ತಾರೆ, ಅಷ್ಟೇ.

ನೋಡಿ, ಟೋಕಿಯೋ ಎಲ್ಲಿ, ಹೊಸಪೇಟೆಯ ಹೊಲಿಗೆ ಕ್ಲಾಸು ಎಲ್ಲಿ! ನನಗೆ ಕುತೂಹಲ ಹುಟ್ಟಿದ್ದು ಅಲ್ಲಿಂದ. ಕಿಮೋನೋ ಬಗ್ಗೆ ಸಿಕ್ಕಿದ್ದೆಲ್ಲಾ ಓದಿದೆ, ಫೋನಿನಲ್ಲಿ ಕತ್ತರಿಸುವ ವಿಧಾನ ನೋಡಿದೆ. ನೋಡಿದ್ದನ್ನು ಅಕ್ಕನಿಗೆ ಹೇಳಿದೆ. ಆಕೆ ನಂಬಲಿಲ್ಲ. ಕೊನೆಗೆ ಹಳೆಯ ಸಿನಿಮಾ ಪತ್ರಿಕೆಗಳ ಹಾಳೆ ಹರಿದು, ನೆಲದ ಮೇಲೆ ಹರವಿ, ಇಬ್ಬರೂ ಕೂತು ಒಂದು ಕಾಗದದ ಕಿಮೋನೋ ಕತ್ತರಿಸಿದೆವು. ಪುಣ್ಯಾತ್ಮ ನಾಯಕನೊಬ್ಬನ ಮೀಸೆ ಬಲತೋಳಿಗೆ ಬಂತು.

‘ಕಿಮೋನೋ’ ಅಂದರೆ ಜಪಾನಿ ಭಾಷೆಯಲ್ಲಿ ‘ತೊಡುವ ವಸ್ತು’, ಅಷ್ಟೇ. ನಾವು ‘ಉಡುಪು’ ಅಂದ ಹಾಗೆ. ಇದರ ಬಟ್ಟೆಯ ಅಗಲ ಒಂದು ಗೇಣೂವರೆಗಿಂತ ಸ್ವಲ್ಪ ಜಾಸ್ತಿ, ಸುಮಾರು 36 ಸೆಂಟಿಮೀಟರ್. ಉದ್ದ ಸುಮಾರು 12 ಮೀಟರ್. ಒಂದು ಥಾನಿಗೆ ಒಂದು ಕಿಮೋನೋ. ಅದನ್ನು ಎಂಟು ತುಂಡು ಮಾಡುತ್ತಾರೆ. ಮೈಗೆ ಎರಡು, ತೋಳಿಗೆ ಎರಡು, ಮುಂದೆ ಒಂದರ ಮೇಲೊಂದು ಬರುವುದಕ್ಕೆ ಎರಡು, ಕೊರಳಿಗೆ ಎರಡು. ಎಲ್ಲವೂ ನೆಟ್ಟಗೆ, ಪಟ್ಟಿ ಪಟ್ಟಿ. ಕತ್ತರಿ ಎಲ್ಲೂ ಸೊಟ್ಟ ಹೋಗುವುದಿಲ್ಲ. ಹೆಗಲ ಮೇಲೆ ಹೊಲಿಗೆಯೇ ಇಲ್ಲ, ಬಟ್ಟೆ ಹಿಂದಿನಿಂದ ಹೆಗಲು ದಾಟಿ ಮುಂದೆ ಇಳಿಯುತ್ತದೆ. ಉದ್ದ ಹೆಚ್ಚಾದರೆ ಕತ್ತರಿಸುವುದಿಲ್ಲ, ನಡುವಿನಲ್ಲಿ ಮಡಿಸಿ ಮೇಲೆ ‘ಓಬಿ’ ಎಂಬ ಅಗಲವಾದ ಪಟ್ಟಿ ಬಿಗಿಯುತ್ತಾರೆ. ಸೀರೆಯನ್ನು ನಾವು ಮಡಿಸಿ ಸಿಕ್ಕಿಸುವುದಿಲ್ಲವೇ, ಹಾಗೆ. ತೊಳೆಯಬೇಕಾದರೆ ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಒಗೆದು, ಒಣಗಿಸಿ, ಮತ್ತೆ ಹೊಲಿಯುತ್ತಿದ್ದರು.

ಎಡಭಾಗ ಮೇಲೆ ಬರಬೇಕು. ಬಲ ಮೇಲೆ ಬರುವುದು ಹೆಣಕ್ಕೆ ಮಾತ್ರ! ಕರಾಟೆ ಕ್ಲಾಸಿಗೆ ಹೋಗುವ ತಮ್ಮಂದಿರು ತಮ್ಮ ಬಿಳಿ ಅಂಗಿ ನೋಡಿಕೊಳ್ಳಿ. ಅದೂ ಕಿಮೋನೋ ವಂಶದ್ದೇ. ಎಡ ಮೇಲೆ ಇಲ್ಲದಿದ್ದರೆ ಮಾಸ್ಟರ್ ಯಾಕೆ ಬೈಯುತ್ತಾರೆ ಅಂತ ಈಗ ತಿಳಿಯಿತಲ್ಲ.

ಇನ್ನೊಂದು ಸ್ವಾರಸ್ಯ. ಮದುವೆಯಾಗದ ಹುಡುಗಿಯ ಹಬ್ಬದ ಕಿಮೋನೋಕ್ಕೆ ಕಾಲಿನ ಗಿಣ್ಣಿನತನಕ ಜೋತಾಡುವ ತೋಳು ಇರುತ್ತದೆ. ‘ಫುರಿಸೋದೆ’ ಅಂತ ಅದರ ಹೆಸರು. ಮದುವೆಯಾದ ಮೇಲೆ ತೋಳು ಗಿಡ್ಡ. ನಮ್ಮಲ್ಲಿ ಕಾಲುಂಗುರ ನೋಡಿ ನಿಟ್ಟುಸಿರು ಬಿಡುತ್ತೀರಿ, ಅಲ್ಲಿ ತೋಳು ನೋಡಿ ಬಿಡಬೇಕು.

ಕಾಗದದ ಕಿಮೋನೋ ಮುಗಿದ ಮೇಲೆ ಅಕ್ಕ ನೆಲ ಗುಡಿಸಲು ಪೊರಕೆ ತಂದಳು. ಗುಡಿಸುವುದಕ್ಕೆ ಏನೂ ಇರಲಿಲ್ಲ. ಒಂದು ಚೂರು ಕಾಗದ ದಂಡ ಆಗಿರಲಿಲ್ಲ. ಒಂದು ರವಿಕೆ ಕತ್ತರಿಸಿದರೆ ಮುಷ್ಟಿ ಚಿಂದಿ ಬೀಳುತ್ತದೆ, ಅದನ್ನೆಲ್ಲಾ ಕೂಡಿಟ್ಟು ನಮ್ಮ ಕಡೆ ಕೌದಿ ಹೊಲಿಯುತ್ತಾರೆ.

‘ಹಂಗಾದ್ರ ಜಪಾನದಾಗ ಕೌದಿ ಹೊಲಿಯೋರಿಗೆ ಚಿಂದಿನ ಸಿಗಂಗಿಲ್ಲೇನು?’ ಅಂದಳು ಅಕ್ಕ.

ಸಿಗುತ್ತಿತ್ತಂತೆ. ಉಟ್ಟು ಹರಿದದ್ದು. ಜಪಾನಿನ ಉತ್ತರ ಭಾಗದ ಬಡ ರೈತರು ಹರಿದ ನೀಲಿ ಬಟ್ಟೆಗೆ ತೇಪೆ ಮೇಲೆ ತೇಪೆ ಹಾಕಿ ತಲೆಮಾರುಗಟ್ಟಲೆ ಬಳಸುತ್ತಿದ್ದರು. ಅದಕ್ಕೆ ‘ಬೋರೋ’ ಅಂತಾರೆ. ಹಾಕುವ ಹೊಲಿಗೆಗೆ ‘ಸಾಶಿಕೋ’. ಚಿತ್ರ ತೋರಿಸಿದೆ. ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಸಾಲು ಸಾಲಾಗಿ ಹೋಗುವ ದಾರ. ‘ಇದು ನಮ್ಮ ಕೌದಿ ಹೊಲಿಗಿನ ಅಲ್ಲೇನಲೇ’ ಅಂದಳು. ಒಂದು ಕಾಲದಲ್ಲಿ ನಾಚಿಕೊಂಡು ಮುಚ್ಚಿಡುತ್ತಿದ್ದ ಆ ತೇಪೆ ಬಟ್ಟೆ ಇವತ್ತು ದೊಡ್ಡ ದೊಡ್ಡ ಫ್ಯಾಷನ್ ಅಂಗಡಿಗಳಲ್ಲಿ ಸಾವಿರಗಟ್ಟಲೆಗೆ ಹೋಗುತ್ತದೆ ಎಂದೆ. ಆಕೆ ನಂಬಿದಳೋ ಇಲ್ಲವೋ, ಅಟ್ಟದ ಮೇಲಿದ್ದ ಅಜ್ಜಿಯ ಕೌದಿಯನ್ನು ಮಾತ್ರ ಆವತ್ತೇ ಇಳಿಸಿ ಬಿಸಿಲಿಗೆ ಹಾಕಿದಳು.

ಪ್ಯಾರಿಸ್ಸಿನ ಹೆಂಗಸರ ಉಸಿರು

ಇನ್ನೂರು ವರ್ಷಕ್ಕಿಂತ ಹೆಚ್ಚು ಕಾಲ ಬಾಗಿಲು ಹಾಕಿಕೊಂಡಿದ್ದ ಜಪಾನು 1854ರಲ್ಲಿ ಹೊರಗಿನವರಿಗೆ ಬಾಗಿಲು ತೆರೆಯಿತು. 1867ರ ಪ್ಯಾರಿಸ್ ವಸ್ತುಪ್ರದರ್ಶನಕ್ಕೆ ಜಪಾನಿ ಸಾಮಾನು ಬಂತು. ಪ್ಯಾರಿಸ್ಸಿನವರಿಗೆ ಹುಚ್ಚು ಹಿಡಿಯಿತು. ಚಿತ್ರಕಾರ ಮೋನೆ 1876ರಲ್ಲಿ ತನ್ನ ಹೆಂಡತಿಗೆ ಕೆಂಪು ಕಿಮೋನೋ ತೊಡಿಸಿ, ಕೈಗೆ ಬೀಸಣಿಗೆ ಕೊಟ್ಟು, ತಲೆಗೆ ಹೊಂಬಣ್ಣದ ಟೋಪನ್ ಇಟ್ಟು ಚಿತ್ರ ಬರೆದ. ನಮ್ಮ ಸಿನಿಮಾದ ಫೋಟೋ ಸೆಷನ್ ಇದ್ದ ಹಾಗೆ!

ಆಗ ಅಲ್ಲಿಯ ಹೆಂಗಸರ ಗತಿ ಏನಿತ್ತು ಗೊತ್ತೆ? ತಿಮಿಂಗಿಲದ ಬಾಯೊಳಗಿನ ಪಟ್ಟಿ, ಉಕ್ಕಿನ ಪಟ್ಟಿ ಸೇರಿಸಿ ಹೊಲಿದ ‘ಕಾರ್ಸೆಟ್’ ಎಂಬ ಒಳ ಉಡುಪು. ಅದನ್ನು ಹಿಂದಿನಿಂದ ಹುರಿ ಹಾಕಿ ಎಳೆದು ಬಿಗಿದು ಸೊಂಟವನ್ನು ಸಣ್ಣ ಮಾಡಿಕೊಳ್ಳುತ್ತಿದ್ದರು. ಉಸಿರು ತೆಗೆದುಕೊಳ್ಳಲಿಕ್ಕೂ ಕಷ್ಟ. ಅಂಥ ಮನೆಗಳಿಗೆ ಕಿಮೋನೋ ಮೊದಲು ಬಂದದ್ದು ಮಲಗುವ ಕೋಣೆಯ ನಿಲುವಂಗಿಯಾಗಿ. ಕಾರ್ಸೆಟ್ ಬಿಚ್ಚಿಟ್ಟ ಮೇಲೆ ಹಾಕಿಕೊಳ್ಳುವ ಬಟ್ಟೆ. ಉಸಿರಾಡುವ ಹೊತ್ತಿನ ಬಟ್ಟೆ ಅನ್ನಿ.

20ನೇ ಶತಮಾನದ ಮೊದಲ ದಶಕದಲ್ಲಿ ಪಾಲ್ ಪ್ವಾರೆ ಎಂಬ ಪ್ಯಾರಿಸ್ಸಿನ ದರ್ಜಿ ಆ ಸಡಿಲು ಬಟ್ಟೆಯನ್ನು ಬೀದಿಗೆ ತಂದ. ಕಿಮೋನೋ ಥರದ ಕೋಟು ಹೊಲಿದ. ಅಲ್ಲಿಯತನಕ ಹೆಂಗಸರ ಉಡುಪು ನಿಲ್ಲುತ್ತಿದ್ದದ್ದು ಸೊಂಟದ ಆಧಾರದ ಮೇಲೆ. ಈಗ ಹೆಗಲಿನಿಂದ ತೂಗತೊಡಗಿತು. ಕೇಳಲಿಕ್ಕೆ ಸಣ್ಣ ಮಾತು. ಆದರೆ ಅಳತೆ ಟೇಪು ಹಿಡಿದ ಯಾರನ್ನಾದರೂ ಕೇಳಿ, ಇದು ಇಡೀ ಮನೆಯ ಕಂಬ ಕಿತ್ತು ಬೇರೆ ಕಡೆ ನಿಲ್ಲಿಸಿದ ಹಾಗೆ. ಇವತ್ತು ಕಾಲೇಜು ಹುಡುಗಿಯರು ಕುರ್ತಿಯ ಮೇಲೆ ಹಾಕುವ, ಗುಂಡಿಯಿಲ್ಲದ, ಮುಂದೆ ತೆರೆದ ಜೋಲು ತೋಳಿನ ಶ್ರಗ್ ಇದೆಯಲ್ಲ, ಅದರ ಮುತ್ತಜ್ಜಿ ಅದು.

ಒಂದು ತಮಾಷೆ ಗಮನಿಸಿದಿರಾ? ಅಕ್ಕನ ನೋಟ್‌ಬುಕ್ಕಿನ ‘ಕಿಮೋನೋ ಸ್ಲೀವ್’ ಮೈಯೊಂದಿಗೆ ಒಂದೇ ತುಂಡಿನದು. ನಿಜವಾದ ಕಿಮೋನೋದಲ್ಲಿ ತೋಳು ಬೇರೆ, ಮೈ ಬೇರೆ, ಆಮೇಲೆ ಜೋಡಿಸುವುದು! ದೂರದಿಂದ ನೋಡಿದ ಪಶ್ಚಿಮದ ದರ್ಜಿಗಳು ಜೋಲು ತೋಳು ಕಂಡು, ತಮಗೆ ಬಂದಂತೆ ಕತ್ತರಿಸಿ, ಹೆಸರು ಅದನ್ನೇ ಇಟ್ಟುಬಿಟ್ಟರು. ಆ ಹೆಸರು ಇಂಗ್ಲಿಷ್ ಹೊಲಿಗೆ ಪುಸ್ತಕ ಹತ್ತಿ, ಹಡಗು ಹತ್ತಿ, ಹೊಸಪೇಟೆಗೆ ಬಂತು. ಟೋಕಿಯೋದ ಅಜ್ಜಿಗೆ ನಮ್ಮಕ್ಕನ ಗುಲಾಬಿ ತುಂಡು ತೋರಿಸಿದರೆ ‘ಇದ್ಯಾವ ಊರಿನ ಕಿಮೋನೋ’ ಅಂದಾಳು.

ಬರೀ ಅಲ್ಲಿಂದ ಇಲ್ಲಿಗೆ ಬಂದದ್ದಷ್ಟೇ ಅಂತ ತಿಳಿಯಬೇಡಿ. ನಮ್ಮ ಪೂರ್ವ ಕರಾವಳಿಯ ಬಣ್ಣದ ಹೂವಿನ ಹತ್ತಿ ಬಟ್ಟೆ 17ನೇ ಶತಮಾನದಲ್ಲೇ ಡಚ್ಚರ ಹಡಗಿನಲ್ಲಿ ಜಪಾನಿಗೆ ಹೋಗುತ್ತಿತ್ತು. ಅಲ್ಲಿಯವರು ಆಸೆಪಟ್ಟು ಕೊಂಡು ಕಿಮೋನೋಕ್ಕೂ ಒಳಪದರಕ್ಕೂ ಬಳಸಿದರು. ಅದಕ್ಕೆ ಅವರು ಹೇಳುವ ಹೆಸರು ‘ಸರಸ’! ನಗಬೇಡಿ, ನಿಜವಾಗಿ ಅದೇ ಹೆಸರು. 1890ರ ದಶಕದಲ್ಲಿ ಜಮ್‌ಷೆಟ್‌ಜಿ ಟಾಟಾ ಬೆಂಗಳೂರಿಗೆ ಜಪಾನಿ ತಜ್ಞರನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದರು. ಸರಸ ಅವತ್ತಿನಿಂದ ಇವತ್ತಿನವರೆಗೆ ನಡೆದೇ ಇದೆ.

ಜಪಾನಿನವರೇ ಪ್ಯಾರಿಸ್ಸಿಗೆ ನುಗ್ಗಿದ್ದು ಆಮೇಲೆ. ಕೆಂಜೋ ತಕಾದಾ ಎಂಬ ಹುಡುಗ 1965ರಲ್ಲಿ ಹಡಗಿನಲ್ಲಿ ಹೋಗಿ ಇಳಿದ. ವಯಸ್ಸು ಇಪ್ಪತ್ತೈದರ ಆಜುಬಾಜು, ಜೇಬು ತೆಳ್ಳಗೆ. 1970ರಲ್ಲಿ ಅಂಗಡಿ ಹಾಕಿದಾಗ ದುಬಾರಿ ಬಟ್ಟೆ ಕೊಳ್ಳಲು ದುಡ್ಡಿಲ್ಲದೆ ಅಗ್ಗದ ಬಟ್ಟೆ ಹುಡುಕಿ ತಂದು, ಹೂವಿನದಕ್ಕೆ ಗೆರೆಯದು ಕೂಡಿಸಿ, ಕಿಮೋನೋ ಥರ ಸಡಿಲಾಗಿ ಹೊಲಿದ. ಗೆದ್ದ. 2020ರ ಅಕ್ಟೋಬರಿನಲ್ಲಿ ಕೊರೋನಾದಿಂದ ತೀರಿಕೊಂಡ. ಇನ್ನೊಬ್ಬ ಇಸ್ಸೇ ಮಿಯಾಕೆ, ಹಿರೋಷಿಮಾದವನು, ಏಳು ವರ್ಷದ ಹುಡುಗನಿದ್ದಾಗ ಬಾಂಬು ಬಿದ್ದದ್ದು ಕಂಡವನು. ‘ಒಂದೇ ತುಂಡು ಬಟ್ಟೆ’ ಎನ್ನುವುದೇ ಅವನ ಮಂತ್ರ. ಮೊಬೈಲ್ ಕಂಪನಿಯ ಸ್ಟೀವ್ ಜಾಬ್ಸ್ ಹಾಕುತ್ತಿದ್ದ ಕರಿ ಬನಿಯನ್ನು ಅವನು ಮಾಡಿಸಿಕೊಟ್ಟದ್ದು. 1981ರಲ್ಲಿ ರೇ ಕವಾಕುಬೋ ಎಂಬಾಕೆ ಮತ್ತು ಯೋಜಿ ಯಮಾಮೊಟೊ ಪ್ಯಾರಿಸ್ಸಿನಲ್ಲಿ ಕಪ್ಪು, ಜೋಲು, ತೂತುಬಿದ್ದ ಬಟ್ಟೆ ತೋರಿಸಿದಾಗ ಅಲ್ಲಿಯ ಪತ್ರಕರ್ತರು ಬಾಯಿಗೆ ಬಂದಂತೆ ಬರೆದರಂತೆ. ಪತ್ರಕರ್ತರ ಹಣೆಬರಹವೇ ಅಷ್ಟು. ನನ್ನದನ್ನು ಮುಂದೆ ಹೇಳುತ್ತೇನೆ.

ತೆರೆಯ ಮೇಲೆ

ಸಿನಿಮಾಕ್ಕೂ ಜಪಾನಿ ಉಡುಪಿಗೂ ನಂಟು ಗಟ್ಟಿ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಮುದುಕ ಗುರು ಹಾಕುವ ನಿಲುವಂಗಿ ನೋಡಿ, ಒಂದರ ಮೇಲೊಂದು ಬರುವ ಮುಂಭಾಗ, ನಡುವಿಗೆ ಪಟ್ಟಿ. ಕಿಮೋನೋವನ್ನೇ ಅಂತರಿಕ್ಷಕ್ಕೆ ಕಳಿಸಿದ್ದು. ಲಂಡನ್ನಿನ ದೊಡ್ಡ ವಸ್ತು ಸಂಗ್ರಹಾಲಯವೊಂದು 2020ರಲ್ಲಿ ಕಿಮೋನೋ ಪ್ರದರ್ಶನ ಮಾಡಿದಾಗ ಅದನ್ನೂ ಇಟ್ಟಿತ್ತು. ‘ಮೆಮೋಯರ್ಸ್ ಆಫ್ ಎ ಗೇಷಾ’ಗೆ ವಸ್ತ್ರವಿನ್ಯಾಸಕ್ಕೇ ಆಸ್ಕರ್ ಬಂತು. ನಮ್ಮಲ್ಲಿ ಕುರೋಸಾವಾನ ಸಮುರಾಯ್ ಚಿತ್ರಗಳ ನೆರಳಿನಲ್ಲಿ ಗಿರೀಶ್ ಕಾರ್ನಾಡರು 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಮಾಡಿದರು, ಶಂಕರ್‌ನಾಗ್ ಎಂಬ ಕಿಡಿ ಹೊತ್ತಿದ್ದೇ ಅಲ್ಲಿ. ಆದರೆ ಅವರು ಸಮುರಾಯ್ ಅಂಗಿ ತೊಡಿಸಲಿಲ್ಲ, ನಮ್ಮ ನೆಲದ್ದನ್ನೇ ತೊಡಿಸಿದರು. ಎರವಲು ತರುವುದಾದರೆ ಹಾಗೆ ತರಬೇಕು ಎಂದು ನನ್ನ ಅಭಿಪ್ರಾಯ.

ಅತ್ತ ಜಪಾನಿನಲ್ಲಿ 1998ರಲ್ಲಿ ರಜನಿಕಾಂತ್ ‘ಮುತ್ತು’ ಬಿಡುಗಡೆಯಾಗಿ ಕೋಲಾಹಲ ಎಬ್ಬಿಸಿತು. ನಾಯಕಿ ಮೀನಾ. ಹೌದು, ನಮ್ಮ ರವಿಚಂದ್ರನ್ ಜೊತೆ ‘ಪುಟ್ನಂಜ’ದಲ್ಲಿದ್ದ ಅದೇ ಮೀನಾ! 2023ರಲ್ಲಿ ‘ಕೆಜಿಎಫ್’ ಕೂಡಾ ಅಲ್ಲಿ ಹೋಯಿತು. ಜಪಾನಿ ಹುಡುಗಿಯರು ಸೀರೆ ಉಟ್ಟು ಭಾರತದ ಚಿತ್ರ ನೋಡಲು ಬರುವ ಫೋಟೋ ನೀವೂ ಕಂಡಿರಬಹುದು.

ಇಲ್ಲಿ ನಮ್ಮವರು ಕಾಡಿನ ಹಾಡು ಬಂತೆಂದರೆ ನಾಯಕಿಗೆ ಕನ್ನಡಿ ರವಿಕೆ ತೊಡಿಸುತ್ತಾರೆ. ಬೆನ್ನಿಗೆ ದಾರ, ಅಂಚಿಗೆ ಕವಡೆ, ನೆರಿಗೆ ಲಂಗ. ‘ಜಿಪ್ಸಿ ಡ್ರೆಸ್’ ಅಂತ ಅದರ ಹೆಸರು. ಅಲ್ಲ ಸ್ವಾಮೀ, ಅದು ಲಂಬಾಣಿ ತಾಯಂದಿರ ಕಾಂಚಳಿ, ಫೇಟಿಯಾ. ಹೊಸಪೇಟೆಯಿಂದ ಸಂಡೂರು ಬಸ್ಸು ಹತ್ತಿ, ಅದಿರು ಲಾರಿಗಳ ಕೆಂಪು ಧೂಳು ಕುಡಿದು ಒಂದು ತಾಸಿನಲ್ಲಿ ಇಳಿದರೆ ಅದನ್ನು ಹಾಕುವ ಕೈಗಳೇ ಸಿಗುತ್ತವೆ. ಅಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಇದೆ. ‘ಸಂಡೂರು ಲಂಬಾಣಿ ಕಸೂತಿ’ಗೆ 2010ರಲ್ಲಿ ಜಿ.ಐ. ಗುರುತು ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಯ 1,755 ಕಸೂತಿ ತುಂಡುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು.

ಹೆಸರು ಯಾಕೆ ಮುಖ್ಯ ಅನ್ನುವುದಕ್ಕೆ ಒಂದು ಅಮೆರಿಕದ ಕಥೆ. 2019ರ ಜೂನ್‌ನಲ್ಲಿ ಟಿ.ವಿ. ತಾರೆ ಕಿಮ್ ಕರ್ದಾಶಿಯಾನ್ ಒಂದು ಒಳ ಉಡುಪಿನ ಕಂಪನಿ ಶುರುಮಾಡುವುದಾಗಿ ಹೇಳಿ, ತನ್ನ ಹೆಸರಿಗೆ ಹೊಂದುತ್ತದೆ ಅಂತ ‘ಕಿಮೋನೋ’ ಎಂದು ಹೆಸರಿಟ್ಟಳು. ಎಂಥ ಒಳ ಉಡುಪು? ಮೈ ಬಿಗಿದು ಸೊಂಟ ಸಣ್ಣ ಮಾಡುವುದು! ಯಾವ ಬಟ್ಟೆ ಹೆಂಗಸರನ್ನು ಕಾರ್ಸೆಟ್‌ನಿಂದ ಬಿಡಿಸಿತೋ ಅದರ ಹೆಸರನ್ನು ಕಾರ್ಸೆಟ್‌ನ ಮೊಮ್ಮಗಳಿಗೇ ಇಟ್ಟರೆ ಹೇಗೆ? ಜಪಾನಿನ ಜನ ಸಿಟ್ಟಿಗೆದ್ದರು. ಕ್ಯೋಟೋ ನಗರದ ಮೇಯರ್ ಆಕೆಗೆ ಪತ್ರ ಬರೆದರು. ಕೆಲವೇ ದಿನಗಳಲ್ಲಿ ಆಕೆ ಹೆಸರು ಬದಲಿಸುವುದಾಗಿ ಹೇಳಿದಳು, ‘ಸ್ಕಿಮ್ಸ್’ ಅಂತ ಮಾಡಿದಳು.

ನಲವತ್ತು ಅಂಗಿ

ಈಗ ನನ್ನ ವಿಷಯ.

ಸ್ವಲ್ಪ ಹಿಂದೆ ಒಂದು ಚಿತ್ರದವರು ಜಾಗ ನೋಡಲು ಹಂಪಿಗೆ ಬಂದಿದ್ದರು. ಚಿತ್ರದ ಹೆಸರು ಬೇಡ. ಅವರನ್ನು ಕಮಲಾಪುರ, ಆನೆಗೊಂದಿ, ಕಂಪ್ಲಿ ಸೇತುವೆ ಅಂತ ಬೈಕಿನ ಮೇಲೆ ಸುತ್ತಾಡಿಸಿದವನು ನಾನು. ಅವರಲ್ಲಿ ವಸ್ತ್ರವಿನ್ಯಾಸದ ಸಹಾಯಕನೊಬ್ಬ ನಮ್ಮ ಮನೆಗೆ ಚಹಾಕ್ಕೆ ಬಂದ. ಗೋಡೆಯ ಮೊಳೆಗೆ ಅಕ್ಕ ಹಳೇ ಸೀರೆಯಲ್ಲಿ ಹೊಲಿದ ಕಿಮೋನೋ ಜಾಕೆಟ್ಟು ತೂಗುತ್ತಿತ್ತು. ಕಾಗದದ ಆಟ ಆದ ಮೇಲೆ ಆಕೆ ಸುಮ್ಮನಿರದೆ ನಿಜವಾದದ್ದನ್ನೇ ಹೊಲಿದಿದ್ದಳು. ಪರಿಚಯದ ಲಂಬಾಣಿ ಬಾಯಿಯೊಬ್ಬಾಕೆ ಅದರ ಬೆನ್ನಿಗೆ ಒಂದು ಅಂಗೈ ಅಗಲದ ಕನ್ನಡಿ ಕಸೂತಿ ಹಾಕಿಕೊಟ್ಟಿದ್ದಳು. ಅವನು ನೋಡಿ, ಮುಟ್ಟಿ, ‘ಗ್ರೂಪ್ ಡ್ಯಾನ್ಸ್‌ಗೆ ಇಂಥವು ನಲವತ್ತು ಬೇಕು’ ಅಂದ.

ಅಕ್ಕ ಮೊದಲು ಒಪ್ಪಲಿಲ್ಲ. ‘ತಮ್ಮಾ, ಇದಕ್ಕ ಟಕ್ಸ್ ಇಲ್ಲ, ಫಿಟಿಂಗ್ ಇಲ್ಲ, ಅಳತಿನ ಇಲ್ಲ. ಯಾರ ಮೈಗಾದ್ರೂ ಕೂಡ್ತತಿ. ಇಂಥಾವು ಬಸ್ ಸ್ಟ್ಯಾಂಡಿನ ಹತ್ರ ಇನ್ನೂರ ತೊಂಬತ್ತೊಂಬತ್ತಕ್ಕ ತೂಗು ಹಾಕ್ಯಾರ. ಅಳತಿ ಬ್ಯಾಡಾದ ಮ್ಯಾಲ ನಾನ್ಯಾಕ ಬೇಕು?’ ಅಂದಳು.

ಈ ಮಾತು ನನ್ನ ತಲೆಯಲ್ಲಿ ಇವತ್ತಿಗೂ ಕೊರೆಯುತ್ತದೆ. ಪ್ಯಾರಿಸ್ಸಿನ ಹೆಂಗಸರಿಗೆ ಉಸಿರು ಕೊಟ್ಟದ್ದು ಇದೇ ಗುಣ, ಯಾರ ಮೈಗಾದರೂ ಕೂಡುವ ಗುಣ. ಅದೇ ಗುಣದಿಂದ ಕಾರ್ಖಾನೆಯವರು ಒಂದೇ ಅಳತೆಯಲ್ಲಿ ಸಾವಿರ ಹೊಲಿದು ರಾಶಿ ಹಾಕುತ್ತಾರೆ, ಆನ್‌ಲೈನಿನಲ್ಲಿ ತರಿಸಿದರೂ ಸೈಜು ಆಗಲಿಲ್ಲ ಅಂತ ವಾಪಸು ಬರುವುದಿಲ್ಲ. ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಬದುಕುವವರ ಅನ್ನಕ್ಕೆ ಅದು ಕಲ್ಲು. ಉಳಿಯುವುದು ಕೈಯ ಕೆಲಸ ಒಂದೇ. ಬೆನ್ನಿನ ಮೇಲಿನ ಆ ಅಂಗೈ ಅಗಲದ ಕನ್ನಡಿ.

ನಾನೇ ಒತ್ತಾಯ ಮಾಡಿ ಒಪ್ಪಿಸಿದೆ. ಬಟ್ಟೆ ಅವರದು. ಒಂದಕ್ಕೆ 450 ರೂಪಾಯಿ, ನಲವತ್ತಕ್ಕೆ 18,000. ಅದರಲ್ಲಿ ಒಂದೊಂದಕ್ಕೆ 150 ರೂಪಾಯಿ ಕಸೂತಿ ಹಾಕುವ ಇಬ್ಬರು ಬಾಯಿಯರಿಗೆ. ಮುಂಗಡ 5,000 ಬಂತು. ಬರಹದಲ್ಲಿ ಏನೂ ಇಲ್ಲ. ಬರೆಸಿಕೊಳ್ಳಬೇಕು ಅಂತ ಅಕ್ಕ ಅಂದಳು. ‘ಸಿನಿಮಾದವರ ಹತ್ರ ಹಂಗೆಲ್ಲಾ ಕೇಳಬಾರದಕ್ಕಾ’ ಅಂದವನು ನಾನು. ನಿಜ ಹೇಳಲೇ? ಆ ಚಿತ್ರದಲ್ಲಿ ನನಗೂ ಎಲ್ಲಾದರೂ ಒಂದು ಸಹಾಯಕನ ಜಾಗ ಸಿಕ್ಕೀತು ಎಂಬ ಆಸೆ ಇತ್ತು.

ಹದಿನೆಂಟು ದಿನ ನಮ್ಮ ಮನೆಯ ಜಗಲಿ ಜಗಲಿಯಾಗಿರಲಿಲ್ಲ. ಇಬ್ಬರೂ ಬಾಯಿಯರು ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಅಕ್ಕ ಒಳಗೆ ಯಂತ್ರದ ಮೇಲೆ, ಅವರು ಹೊರಗೆ ಬೆಳಕಿನಲ್ಲಿ. ಕನ್ನಡಿಯ ಸುತ್ತ ದಾರ ಅಡ್ಡಡ್ಡ ಹಾಕಿ ಚೌಕಟ್ಟು ಮಾಡಿ, ಅದರ ಮೇಲೆ ಹೊಲಿಗೆ ಹೆಣೆಯುತ್ತಾ ಹೋಗುತ್ತಾರೆ. ಗುರುತು ಹಾಕಿಕೊಳ್ಳುವುದಿಲ್ಲ, ಗೆರೆ ಎಳೆಯುವುದಿಲ್ಲ. ಎಣಿಸಿದಂತೆ ಬರುತ್ತದೆ. ‘ಇದು ಎಲ್ಲಿ ಅಂಗಿ ಅಣ್ಣಾ?’ ಅಂತ ಹಿರಿಯಾಕೆ ಕೇಳಿದಳು. ಜಪಾನಿನದು ಅಂದೆ. ‘ಅಲ್ಲಿ ಹೆಂಗಸರು ಕವಡಿ ಹಾಕ್ಕೊಳ್ಳಲ್ಲಾ?’ ಅಂದಳು. ಇಲ್ಲ ಅಂದೆ. ಪಾಪ, ಎಂಬಂತೆ ಮುಖ ಮಾಡಿದಳು.

ಅಂಗಿಗಳು ಹೋದವು. ಆಮೇಲೆ 6,000 ಬಂತು. ಬಾಯಿಯರ ಪೂರ್ತಿ 6,000ವನ್ನು ಅಕ್ಕ ಬಂದ ದಿನವೇ ಕೊಟ್ಟುಬಿಟ್ಟಳು. ತನ್ನ ಪಾಲಿನ 7,000 ಬಾಕಿ.

ಬಾಕಿ ಕೇಳಲು ಫೋನ್ ಮಾಡಿದಾಗ ಆ ಸಹಾಯಕ ಇನ್ನೊಂದು ಮಾತು ಹೇಳಿದ. ‘ಹಾಡಿನ ಬಗ್ಗೆ ಒಂದು ಸಣ್ಣ ಸುದ್ದಿ ಹಾಕಿಸಿ, ವಿಷಯ ಕಳಿಸ್ತೀನಿ’. ಕಳಿಸಿದ. ಅದರಲ್ಲಿ ಹೀಗಿತ್ತು: ನಲವತ್ತು ನರ್ತಕಿಯರಿಗೆ ನೇರ ಜಪಾನಿನಿಂದ ತರಿಸಿದ ಕಿಮೋನೋ. ಓದಿ ನಕ್ಕೆ. ನಕ್ಕು, ಹಾಗೇ ಬರೆದು ಬೇರೊಂದು ಪತ್ರಿಕೆಗೆ ಕಳಿಸಿದೆ. ಸುದ್ದಿ ಹಾಕಿದರೆ ಬಾಕಿ ಬೇಗ ಬಂದೀತು ಅಂತ ಲೆಕ್ಕ. ನಾಲ್ಕು ಸಾಲು, ಯಾರು ಓದುತ್ತಾರೆ ಬಿಡು ಅಂತ.

ಅಕ್ಕ ಓದಿದಳು. ಪ್ಯಾಟರ್ನ್ ಕತ್ತರಿಸಲು ಹಳೇ ಪತ್ರಿಕೆ ಬೇಕೆಂದು ನನ್ನ ಕಟ್ಟಿನಿಂದ ತೆಗೆದ ಹಾಳೆಯಲ್ಲೇ ಅದು ಇತ್ತು. ಕತ್ತರಿ ಕೆಳಗಿಟ್ಟು, ಬೆರಳಿಟ್ಟು, ಜೋರಾಗಿ ಓದಿದಳು. ಆವತ್ತು ಹಿರಿಯ ಬಾಯಿ ಕೂಡಾ ಬೇರೆ ಕೆಲಸಕ್ಕೆ ಬಂದು ಜಗಲಿಯ ಮೇಲೆ ಕೂತಿದ್ದಳು.

‘ಜಪಾನ ಅಂದ್ರ ನಮ್ಮ ಓಣ್ಯಾಗ ಯಾವ ಮನಿ ತಮ್ಮಾ?’ ಅಂದಳು ಅಕ್ಕ.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹಾಳೆಯನ್ನು ಮಡಿಸಿ ಬಾಯಿಯ ಕೈಗೆ ಕೊಟ್ಟಳು. ಆಕೆಗೆ ಓದಲು ಬರುವುದಿಲ್ಲ. ತಿರುಗಿಸಿ ನೋಡಿ, ‘ಇದರಾಗ ನಮ್ಮ ಕೆಲಸದ ಬಗ್ಗೆ ಬಂದೈತೇನು?’ ಅಂತ ನನ್ನನ್ನೇ ಕೇಳಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಅಪ್ಪು ಪುತ್ಥಳಿಯ ಹತ್ತಿರ ಕಟ್ಟೆ ಮೇಲೆ ರಾತ್ರಿ ಹತ್ತರವರೆಗೆ ಕೂತಿದ್ದೆ.

ಆ ನಾಲ್ಕು ಸಾಲು ಸುಳ್ಳು. ಈ ಪುಟಗಳಲ್ಲಿ ಅದನ್ನು ಹೇಳುತ್ತಿದ್ದೇನೆ. ಆ ನಲವತ್ತು ಅಂಗಿಗಳ ಕತ್ತರಿಗೆ ಮೂಲ ಜಪಾನು. ಹೊಲಿದದ್ದು ಹೊಸಪೇಟೆಯಲ್ಲಿ, ಒಬ್ಬ ಹೆಂಗಸು, ಕಾಲು ತುಳಿಯುವ ಯಂತ್ರದ ಮೇಲೆ. ಕನ್ನಡಿ ಹಾಕಿದ್ದು ಸಂಡೂರು ಕಡೆಯ ತಾಂಡಾದ ಇಬ್ಬರು ಹೆಂಗಸರು. ಹೆಸರು ಹಾಕೋಣವೇ ಅಂತ ಮೂವರನ್ನೂ ಕೇಳಿದೆ. ‘ರೊಕ್ಕ ಬರಲಿ ಮೊದಲ’ ಅಂದರು. ಚಿತ್ರ ಇನ್ನೂ ತೆರೆಗೆ ಬಂದಿಲ್ಲ. ಬಂದಾಗ ಆ ಹಾಡಿನಲ್ಲಿ ನರ್ತಕಿಯರು ಬೆನ್ನು ತಿರುಗಿಸಿದರೆ ನೋಡಿ.

ಆಮೇಲೆ ಅಕ್ಕ ತನ್ನದೇ ಲೇಬಲ್ಲು ಹೊಲಿಯಲು ಹೊರಟಳು. ‘ಸಂಡೂರು ಲಂಬಾಣಿ ಕಸೂತಿ’ ಅಂತ ಹಾಕೋಣ ಅಂದೆ. ವಿಚಾರಿಸಿದರೆ, ಜಿ.ಐ. ಇರುವ ಹೆಸರನ್ನು ಹಾಕಬೇಕಾದರೆ ಅಧಿಕೃತ ಬಳಕೆದಾರರು ಅಂತ ನೋಂದಣಿ ಆಗಿರಬೇಕು. ಇದು ಸರಿಯಾದದ್ದೇ, ಇಲ್ಲದಿದ್ದರೆ ನನ್ನಂಥವರು ಯಾವ ಅಂಗಿಗೆ ಬೇಕಾದರೂ ಅದನ್ನು ಅಂಟಿಸಿಬಿಡುತ್ತೇವೆ. ಬಾಯಿಯರು ಹೇಗೆ ನೋಂದಾಯಿಸಬೇಕು ಅಂತ ಕೇಳಲು ಮುಂದಿನ ಸೋಮವಾರ ಅವರನ್ನು ಕರೆದುಕೊಂಡು ಸಂಡೂರಿಗೆ ಹೋಗುತ್ತಿದ್ದೇನೆ. ಅಲ್ಲಿಯತನಕ ಬಿಳಿ ಪಟ್ಟಿಯ ಮೇಲೆ ಕೆಂಪು ದಾರದಲ್ಲಿ ‘ಹೊಸಪೇಟೆ’ ಅಂತ ಒಂದೇ ಮಾತು. ಅದರ ಪಕ್ಕ ಹಿರಿಯಾಕೆ ತಾನಾಗಿಯೇ ಒಂದು ಕವಡೆ ಕೂಡಿಸಿದಳು.

ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ ಫೋಟೋ ತೋರಿಸಿ, ‘ಹಂಪಿಗೆ ಫೋಟೋ ತೆಗಿಸಾಕ ಹೋಗ್ತೀವಿ ಆಂಟಿ, ಕಿಮೋನೋ ಬೇಕು’ ಅಂದಳು. ಅಕ್ಕ ಟೇಪು ಎತ್ತಿಕೊಂಡಳು. ‘ಇದಕ್ಕ ಅಳತಿ ಬ್ಯಾಡಲ್ಲ’ ಅಂದೆ. ‘ಸುಮ್ನಿರಲೇ, ಕೈ ಉದ್ದ ನೋಡ್ಬೇಕು’ ಅಂತ ಹುಡುಗಿಯ ಹೆಗಲಿನಿಂದ ಮಣಿಕಟ್ಟಿನತನಕ ಟೇಪು ಹಿಡಿದಳು.

7,000 ಇನ್ನೂ ಬಂದಿಲ್ಲ. ನಿನ್ನೆ ಸಂಜೆಯೂ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಈ ಬರಹವನ್ನು ಅಂಚೆಗೆ ಹಾಕಲು ಹೊರಟವನನ್ನು ಕರೆದು ಅಕ್ಕ ಕೇಳಿದಳು: ಬರುವಾಗ ಕೆಂಪು ದಾರದ ಉಂಡೆ ಎರಡು, ಕನ್ನಡಿ ಒಂದು ಪಾಕೀಟು.